ಕಾಯಂ ನಿಷೇಧಿತ ಸವಾರ

ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ಪಿಡುಗನ್ನು ತಡೆಯುವ ವಿಷಯದಲ್ಲಿ ನಮ್ಮ ರಾಷ್ಟ್ರೀಯ ಮದ್ದು ನಿಗ್ರಹ ಮಂಡಳಿಯು ಇದುವರೆಗೆ ಯಾರಿಗೂ ಪಕ್ಷಪಾತ ಮಾಡಿಲ್ಲವೆಂಬುದು ಮಂಡಳಿಯೇ ನೇಮಿಸಿದ ಸಮಿತಿಯ ವರದಿಯಿಂದ ನಿಸ್ಸಂಶಯವಾಗಿ ಸಾಬೀತಾಗಿದೆ. ಸಮಿತಿಯ ಅಧ್ಯಕ್ಷತೆಯನ್ನು ಮಂಡಳಿಯ ಮಹಾನಿರ್ದೇಶಕರೇ ವಹಿಸಿದ್ದರಿಂದ ವರದಿಯಲ್ಲಿ ತಪ್ಪು ನುಸುಳುವ ಅವಕಾಶವೂ ಇರಲಿಲ್ಲ. ಆದರೂ ಬಾಟ್ಲಿ ಎಂಬ ಸೈಕಲ್ ಸವಾರನ ಪ್ರಕರಣದ ಬಗ್ಗೆ ಕೆಲವರು ಅಲ್ಲಲ್ಲಿ ಗುಸುಗುಸು ಮಾತಾಡುತ್ತಿರುವುದು ಮಂಡಳಿಯ ಕಿವಿಗೆ ಬಿದ್ದಿದೆ. ಅಂಥವರ ತಿಳಿವಳಿಕೆಗಾಗಿ, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಹೇಳಲಾಗುತ್ತಿದೆ.

ಮೊದಲು ಕಚೇರಿಯ ವಿಚಾರ. ಮಂಡಳಿಯ ಕಚೇರಿ ಒಂದು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಹಾಸಿಗೆ ಕಂಪನಿ ಬಾಡಿಗೆ ತೆಗೆದುಕೊಳ್ಳುವುದಿಲ್ಲ. ರಾಷ್ಟ್ರೀಯ ಸೈಕಲ್ ತಂಡದ ಪ್ರಾಯೋಜಕರೂ ಅದೇ ಕಂಪನಿಯವರು. ಆದರೆ ಅಂಗಡಿಗೂ ಕಚೇರಿಗೂ ಮೆಟ್ಟಿಲು ಬೇರೆ ಬೇರೆ ಇರುವುದರಿಂದ ಹಿತಾಸಕ್ತಿಗಳ ಘರ್ಷಣೆ ಉಂಟಾಗುವುದಿಲ್ಲ. ಕಚೇರಿಯಲ್ಲಿ ಮೂತ್ರದ ಮಾದರಿಗಳನ್ನು ಇಡಲು ಒಂದು ಫ್ರಿಜ್ ಇದೆ. ಸಿಬ್ಬಂದಿಯ ಊಟದ ಡಬ್ಬಿಗಳೂ ಅದರಲ್ಲೇ ಇರುತ್ತವೆ. ಮೇಲಿನ ಅರೆ ಊಟಕ್ಕೆ, ಕೆಳಗಿನ ಅರೆ ಮಾದರಿಗೆ ಎಂದು ಸುತ್ತೋಲೆ ಹೊರಡಿಸಿದ ಮೇಲೆ ಒಂದೇ ಒಂದು ಸಲ ಅದಲುಬದಲಾಗಿದೆ. ಆ ದಿನ ಊಟಕ್ಕೆ ಕೂತಿದ್ದ ಗುಮಾಸ್ತರು ದೂರು ಕೊಡಲಿಲ್ಲ.

ಆ ವರ್ಷ ಮಂಡಳಿಗೆ ಒಂದು ಸಂಕಷ್ಟ ಬಂತು. ಅದುವರೆಗೆ ಮಂಡಳಿ ಶಿಕ್ಷಿಸಿದ್ದು ಇಬ್ಬರನ್ನು ಮಾತ್ರ. ಒಬ್ಬ, ಕೆಮ್ಮಿನ ಔಷಧಿ ಕುಡಿದಿದ್ದ ಚದುರಂಗದ ಆಟಗಾರ. ಇನ್ನೊಬ್ಬ, ತೀರ್ಪು ಬರುವಷ್ಟರಲ್ಲಿ ತೀರಿಕೊಂಡಿದ್ದ ಕುಸ್ತಿಪಟು. ಕುಸ್ತಿಪಟುವು ನಿಷೇಧವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾನೆಂದು ಮಂಡಳಿ ವರದಿ ಮಾಡಿತ್ತು. ಇದು ಸಾಲದೆಂದು ಜಾಗತಿಕ ಮದ್ದು ನಿಗ್ರಹ ಕೂಟ ತಕರಾರು ತೆಗೆಯಿತು. ವರ್ಷ ಮುಗಿಯುವುದರೊಳಗೆ ಎಂಟು ನಿಷೇಧ-ವರ್ಷಗಳನ್ನಾದರೂ ವಿಧಿಸಿ ತೋರಿಸದಿದ್ದರೆ ನಮ್ಮ ಸವಾರರು ಬಾವುಟವಿಲ್ಲದೆ ಪಂದ್ಯಕ್ಕೆ ಇಳಿಯಬೇಕು, ನಮ್ಮಲ್ಲಿ ನಡೆಯಬೇಕಾದ ಮಹಾಪಂದ್ಯ ಪಕ್ಕದ ದೇಶಕ್ಕೆ ಹೋಗುತ್ತದೆ ಎಂದು ತಿಳಿಸಿತು. ಹಾಸಿಗೆ ಕಂಪನಿಯವರು ಆಗಲೇ ಮಹಾಪಂದ್ಯದ ಹೆಸರಿನಲ್ಲಿ ದಿಂಬು ಹೊಲಿಸಿಬಿಟ್ಟಿದ್ದರು.

ಹೀಗಾಗಿ ರಾಷ್ಟ್ರೀಯ ಪಂದ್ಯದ ಗುಡ್ಡದ ಸುತ್ತಿನ ದಿನ ಮಂಡಳಿಯವರು ಶೀಷೆಗಳನ್ನು ಹಿಡಿದು ಗುಡ್ಡದ ತುದಿಯಲ್ಲಿ ಕಾದರು.

ಆ ಸುತ್ತನ್ನು ಗೆದ್ದವರು ದೇಶದ ಹೆಮ್ಮೆ. ಇವರಿಗೆ ಸ್ವಂತ ಹೆಸರೊಂದು ಇದೆ, ಆದರೆ ಕ್ರೀಡಾ ಸಚಿವರು ಒಮ್ಮೆ ಭಾಷಣದಲ್ಲಿ ‘ದೇಶದ ಹೆಮ್ಮೆ’ ಎಂದು ಕರೆದ ಮೇಲೆ ಅದೇ ಉಳಿದುಕೊಂಡಿತು. ಈಗ ಎಲ್ಲರೂ ‘ಹೆಮ್ಮೆಯವರು’ ಎನ್ನುತ್ತಾರೆ. ಹೆಮ್ಮೆಯವರಿಗೆ ನೆಗಡಿ ಎಂದರೆ ಪತ್ರಿಕೆಗಳಲ್ಲಿ ಬರುತ್ತದೆ.

ಬಾಟ್ಲಿ ಅವರ ಸಹಾಯಕ ಸವಾರ. ಸೈಕಲ್ ಪಂದ್ಯದಲ್ಲಿ ನಾಯಕ ಗೆಲ್ಲಬೇಕಾದರೆ ಜೊತೆಗಾರರು ಸವೆಯಬೇಕು. ಹಿಂದೆ ಬರುವ ತಂಡದ ಕಾರಿನಿಂದ ನೀರಿನ ಬಾಟಲಿಗಳನ್ನು ಅಂಗಿಯೊಳಗೆ ತುರುಕಿಕೊಂಡು ಮುಂದಕ್ಕೆ ತಂದು ಕೊಡುವುದು, ಎದುರುಗಾಳಿಗೆ ತನ್ನ ಎದೆ ಕೊಟ್ಟು ನಾಯಕನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುವುದು, ನಾಯಕನ ಚಕ್ರ ಪಂಕ್ಚರಾದರೆ ತನ್ನ ಚಕ್ರ ಬಿಚ್ಚಿ ಕೊಟ್ಟು ರಸ್ತೆ ಬದಿಯಲ್ಲಿ ನಿಲ್ಲುವುದು, ಶಿಖರಕ್ಕೆ ಇನ್ನೇನು ಸ್ವಲ್ಪ ದೂರ ಎನ್ನುವಾಗ ಪಕ್ಕಕ್ಕೆ ಸರಿದು ದಾರಿ ಬಿಡುವುದು ಅವನ ಕೆಲಸ. ಅವನು ಅದನ್ನು ಬಹಳ ವರ್ಷಗಳಿಂದ ಮಾಡುತ್ತ ಬಂದಿದ್ದ. ಅವನ ಹೆಂಡತಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಅವನು ಆಗಾಗ ಹೇಳುತ್ತಿದ್ದದ್ದು ಇಷ್ಟೇ: “ಒಂದ್ಸಲ, ಒಂದೇ ಒಂದ್ಸಲ ಪಕ್ಕಕ್ಕೆ ಸರೀದೆ ಹೋಗಿ ನೋಡ್ಬೇಕು ಕಣೆ.”

ಆ ದಿನವೂ ಸರಿದ. ಹೆಮ್ಮೆಯವರು ಗೆದ್ದರು.

ಗೆದ್ದವನ ಜೊತೆಗೆ ಇನ್ನೊಬ್ಬನನ್ನು ಚೀಟಿ ಎತ್ತಿ ಪರೀಕ್ಷಿಸಬೇಕೆಂಬುದು ನಿಯಮ. ಉಳಿದವರೆಲ್ಲ ಬಸ್ಸು ಹತ್ತಿಬಿಟ್ಟಿದ್ದರಿಂದ, ಹೆಮ್ಮೆಯವರ ಬೆವರು ಒರೆಸುವ ಟವೆಲ್ ಹಿಡಿದು ನಿಂತಿದ್ದ ಬಾಟ್ಲಿಯ ಹೆಸರಿಗೇ ಚೀಟಿ ಬಂತು. ಕೆಲವು ದಿನಗಳಲ್ಲಿ ಪ್ರಯೋಗಾಲಯದ ಫಲಿತಾಂಶವೂ ಬಂತು. ಇಬ್ಬರ ಮೂತ್ರದಲ್ಲೂ ಮದ್ದಿತ್ತು. ಒಂದೇ ಮದ್ದು. ಬಾಟ್ಲಿಯದರಲ್ಲಿ ಚಿಟಿಕೆಯಷ್ಟು. ಹೆಮ್ಮೆಯವರದರಲ್ಲಿ ಎಷ್ಟಿತ್ತೆಂದರೆ, ಯಂತ್ರ ಕೆಟ್ಟಿದೆಯೆಂದು ತಿಳಿದು ಪ್ರಯೋಗಾಲಯದವರು ರಿಪೇರಿಯವನನ್ನು ಕರೆಸಿದ್ದರು.

ಮಹಾನಿರ್ದೇಶಕರು ಸೈಕಲ್ ಒಕ್ಕೂಟದ ಅಧ್ಯಕ್ಷರನ್ನು ಕರೆಸಿ ವಿಷಯ ತಿಳಿಸಿದರು.

“ಇಬ್ಬರೂ ಸಿಕ್ಕಿಬಿದ್ದಿದಾರೆ,” ಎಂದರು.

“ಇಬ್ಬರು ಬೇಡ, ಒಬ್ಬ ಸಾಕು,” ಎಂದರು ಅಧ್ಯಕ್ಷರು.

“ಯಾರು?”

ಅಧ್ಯಕ್ಷರು ಆ ಪ್ರಶ್ನೆಗೆ ಉತ್ತರಿಸಲಿಲ್ಲ. ಮಹಾನಿರ್ದೇಶಕರೂ ಉತ್ತರಕ್ಕೆ ಕಾಯಲಿಲ್ಲ. ನ್ಯಾಯಸಮ್ಮತವಾದ ವಿಚಾರಣೆ ನಡೆಯಬೇಕೆಂಬ ಬಗ್ಗೆ ಮಾತ್ರ ಇಬ್ಬರಲ್ಲೂ ಒಮ್ಮತವಿತ್ತು.

ವಿಚಾರಣೆ ಮಂಡಳಿಯ ಸಭಾಂಗಣದಲ್ಲಿ ಒಂದೇ ದಿನ ನಡೆಯಿತು. ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ದಂತವೈದ್ಯರು ಮತ್ತು ಮಹಾನಿರ್ದೇಶಕರು ಪೀಠದಲ್ಲಿದ್ದರು. ವೈಜ್ಞಾನಿಕ ವಿಷಯಗಳಲ್ಲಿ ಸಲಹೆ ಕೊಡಲು ಸೈಕಲ್ ತಂಡದ ಡಾಕ್ಟರೇ ಬಂದು ಕೂತಿದ್ದರು. ತಂಡದ ಬಸ್ಸಿನಲ್ಲಿ ಏನೇನು ನಡೆಯುತ್ತದೆಂದು ಅವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಆ ಆಯ್ಕೆ ಸೂಕ್ತವಾಗಿತ್ತು.

ಬೆಳಿಗ್ಗೆ ಹೆಮ್ಮೆಯವರ ಸರದಿ. ಅವರು ಬಿಳಿ ಅಂಗಿ ತೊಟ್ಟು ಇಬ್ಬರು ವಕೀಲರೊಂದಿಗೆ ಬಂದರು. ಪೀಠದವರೆಲ್ಲ ಎದ್ದು ನಿಂತು ಒಂದು ಫೋಟೋ ತೆಗೆಸಿಕೊಂಡ ಮೇಲೆ ಕಲಾಪ ಆರಂಭವಾಯಿತು.

“ಮದ್ದು ನಿಮ್ಮ ದೇಹದೊಳಗೆ ಹೇಗೆ ಬಂತು?” ನ್ಯಾಯಾಧೀಶರು ಕೇಳಿದರು.

“ನಾಯಿಯಿಂದ ಸಾರ್.”

“ಕಚ್ಚಿತಾ?”

“ಇಲ್ಲ ಸಾರ್, ಮುದ್ದು ಮಾಡ್ತು. ಅದಕ್ಕೆ ಹುಷಾರಿರಲಿಲ್ಲ. ಪಶುವೈದ್ಯರು ಮಾತ್ರೆ ಕೊಟ್ಟಿದ್ರು. ಮಾತ್ರೆ ತಿಂದ ಬಾಯಲ್ಲೇ ಬಂದು ನನ್ನ ಮುಖ ನೆಕ್ಕಿಬಿಡ್ತು.”

“ಎಷ್ಟು ಸಲ?”

“ಲೆಕ್ಕ ಇಟ್ಟಿಲ್ಲ ಸಾರ್. ಪ್ರೀತಿಗೆ ಲೆಕ್ಕ ಇಡ್ತಾರಾ?”

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮನೆಯಲ್ಲೂ ನಾಯಿ ಇತ್ತು. ಇಷ್ಟು ಮದ್ದು ಮೈಗೆ ಸೇರಬೇಕಾದರೆ ನಾಯಿ ಊಟ ನಿದ್ದೆ ಬಿಟ್ಟು ಒಂದು ವಾರ ನೆಕ್ಕುತ್ತಲೇ ಇರಬೇಕಾಗುತ್ತದೆ, ಆದರೆ ಇದು ದೊಡ್ಡ ಜಾತಿಯ ನಾಯಿ ಎಂದು ತಂಡದ ಡಾಕ್ಟರು ಅಭಿಪ್ರಾಯಪಟ್ಟರು. ಹೆಮ್ಮೆಯವರು ನಾಯಿಯನ್ನು ಕೊಂಡದ್ದು ಪಂದ್ಯ ಮುಗಿದ ಮೇಲಲ್ಲವೇ ಎಂದು ದಂತವೈದ್ಯರು ಮೆಲ್ಲಗೆ ಕೇಳಿದರು. ನ್ಯಾಯಾಧೀಶರು ಅವರತ್ತ ಬೇಸರದಿಂದ ನೋಡಿ, “ಸಾಕಬೇಕು ಅನ್ನೋ ಆಸೆ ಮೊದಲಿಂದಲೂ ಇತ್ತಲ್ಲವೇ?” ಎಂದು ಹೆಮ್ಮೆಯವರನ್ನು ಕೇಳಿದರು. ಇತ್ತು ಎಂದರು ಹೆಮ್ಮೆಯವರು. ದಂತವೈದ್ಯರು ಮತ್ತೆ ಬಾಯಿ ತೆರೆಯಲಿಲ್ಲ.

ಸವಾರರದು ಯಾವ ತಪ್ಪೂ ಇಲ್ಲವೆಂದೂ, ಅವರ ಹೃದಯ ವೈಶಾಲ್ಯವೇ ಈ ಅಚಾತುರ್ಯಕ್ಕೆ ಕಾರಣವೆಂದೂ ಪೀಠ ತೀರ್ಪು ನೀಡಿತು. ನಾಯಿಗೆ ಎಚ್ಚರಿಕೆ ಕೊಟ್ಟು ಬಿಡಲಾಯಿತು.

ಊಟವಾದ ಮೇಲೆ ಬಾಟ್ಲಿಯನ್ನು ಕರೆದರು. ಅವನಿಗೆ ವಕೀಲರಿರಲಿಲ್ಲ. ಹೆಂಡತಿ ಅಂಗಡಿಗೆ ರಜೆ ಹಾಕಿ ಬಂದು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

“ಮದ್ದು ಹೇಗೆ ಬಂತು?” ನ್ಯಾಯಾಧೀಶರು ಕೇಳಿದರು.

“ಸೂಜಿಯಲ್ಲಿ ಸಾರ್. ಗುಡ್ಡದ ಸುತ್ತಿನ ಹಿಂದಿನ ದಿನ ಬಸ್ಸಲ್ಲಿ ಚುಚ್ಚಿದ್ರು.”

“ಯಾರು?”

“ಅಗೋ, ಅಲ್ಲಿ ಕೂತಿದಾರಲ್ಲ, ಡಾಕ್ಟರು.”

ಡಾಕ್ಟರು ಬರೆದುಕೊಳ್ಳುತ್ತಿದ್ದರು. ಬರೆಯುವುದನ್ನು ನಿಲ್ಲಿಸಲಿಲ್ಲ.

“ನೀನು ಕೇಳಲಿಲ್ಲವೇ ಏನು ಅಂತ?”

“ಕೇಳ್ದೆ ಸಾರ್. ವಿಟಮಿನ್ನು ಅಂದ್ರು. ಹೆಮ್ಮೆಯವರೂ ಹಾಕಿಸ್ಕೊಂಡಿದಾರೆ, ಸುಮ್ನೆ ತೋಳು ಕೊಡು ಅಂದ್ರು.”

“ಇಲ್ಲಿ ಇಲ್ಲದವರ ಹೆಸರು ತರಬಾರದು,” ನ್ಯಾಯಾಧೀಶರು ಗದರಿದರು. ಆಮೇಲೆ ದನಿ ತಗ್ಗಿಸಿ ಕರುಣೆಯಿಂದ ಕೇಳಿದರು: “ನಿಮ್ಮನೇಲಿ ನಾಯಿ ಇದೆಯೇನಪ್ಪ?”

“ಇಲ್ಲ ಸಾರ್. ಬಾಡಿಗೆ ಮನೆ. ಓನರು ಸಾಕೋಕೆ ಬಿಡಲ್ಲ.”

“ಬೆಕ್ಕು?”

“ಇಲ್ಲ ಸಾರ್.”

“ಹೋಗಲಿ, ಕಾಯಿಲೆ ಬಿದ್ದ ಅತ್ತೆ ಮಾವ ಯಾರಾದ್ರೂ?”

“ಎಲ್ಲಾ ಚೆನ್ನಾಗಿದಾರೆ ಸಾರ್.”

“ಹಾಗಾದರೆ ಮದ್ದು ಹೇಗೆ ಬಂತು?”

“ಹೇಳಿದ್ನಲ್ಲ ಸಾರ್. ಸೂಜಿಯಲ್ಲಿ.”

ನ್ಯಾಯಾಧೀಶರು ನಿಟ್ಟುಸಿರು ಬಿಟ್ಟು ಪೀಠದ ಇತರರತ್ತ ನೋಡಿದರು. ಸವಾರನು ನಂಬಲರ್ಹವಾದ ಯಾವುದೇ ವಿವರಣೆ ಕೊಡಲು ವಿಫಲನಾಗಿದ್ದಾನೆ ಎಂದು ದಾಖಲಿಸಲಾಯಿತು. ಅಲ್ಲದೆ ಅವನು ಸೂಜಿ ಚುಚ್ಚಿಸಿಕೊಂಡದ್ದನ್ನು ತಾನೇ ಒಪ್ಪಿಕೊಂಡಿದ್ದರಿಂದ ಅಪರಾಧ ಸಾಬೀತಾಗಿತ್ತು. ನಾಲ್ಕು ವರ್ಷ ನಿಷೇಧ. ಸತ್ಯ ಹೇಳಿದವರಿಗೆ ಶಿಕ್ಷೆಯಲ್ಲಿ ರಿಯಾಯಿತಿ ಇದೆಯಂತಲ್ಲ ಎಂದು ಬಾಟ್ಲಿ ಕೇಳಿದ. ಇದೆ, ಆದರೆ ಅದಕ್ಕೆ ಇನ್ನೊಬ್ಬ ತಪ್ಪಿತಸ್ಥನನ್ನು ಹಿಡಿಯಲು ನೆರವಾಗಿರಬೇಕು, ಈ ಪ್ರಕರಣದಲ್ಲಿ ಬೇರೆ ತಪ್ಪಿತಸ್ಥರಾರೂ ಇಲ್ಲವೆಂದು ಬೆಳಿಗ್ಗೆಯೇ ತೀರ್ಮಾನವಾಗಿದೆ ಎಂದು ಮಹಾನಿರ್ದೇಶಕರು ತಾಳ್ಮೆಯಿಂದ ವಿವರಿಸಿದರು.

ಮನೆಯಲ್ಲಿ ಹೆಂಡತಿ ತಟ್ಟೆ ಮುಂದಿಟ್ಟು, “ನೀವು ಚುಚ್ಚಿಸ್ಕೊಂಡದ್ದು ತಪ್ಪೇ,” ಎಂದಳು.

“ತಪ್ಪೇ ಕಣೆ. ಇಲ್ಲ ಅಂದ್ನಾ ನಾನು?”

“ಆದ್ರೆ ಅವರಿಗೆ ನಾಯಿ, ನಿಮಗೆ ನಾಲ್ಕು ವರ್ಷ. ಇದ್ಯಾವ ನ್ಯಾಯ? ಮೇಲ್ಮನವಿ ಹಾಕೋಣ.”

ಹಾಕಿದರು. ಮೇಲ್ಮನವಿಯನ್ನು ಬೇರೆ ಪೀಠ ಕೇಳಬೇಕೆಂಬುದು ಕಟ್ಟುನಿಟ್ಟಾದ ನಿಯಮ. ಆದ್ದರಿಂದ ಕೆಳಗಿನ ಅಂಗಡಿಯಿಂದ ಬೇರೆ ಕುರ್ಚಿಗಳನ್ನು ತರಿಸಲಾಯಿತು. ಅದೇ ಮೂವರು ಅವುಗಳ ಮೇಲೆ ಕೂತರು.

ಅಷ್ಟರಲ್ಲಿ ಜಾಗತಿಕ ಕೂಟದವರು ನಾಯಿಯನ್ನು ತಿರಸ್ಕರಿಸಿದ್ದರು. ಮದ್ದಿನ ಪ್ರಮಾಣ ನೋಡಿದರೆ ಹೆಮ್ಮೆಯವರ ಪ್ರಕರಣಕ್ಕೂ ನಾಲ್ಕು ವರ್ಷ ಜಮೆಯಾಗಲೇಬೇಕು, ಇಲ್ಲವಾದರೆ ಬಾವುಟ ಮಡಚಿಡಿ ಎಂದಿದ್ದರು. ಮಹಾನಿರ್ದೇಶಕರ ಮುಖ ಬಾಡಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಗ ವಿಶೇಷ ಆಹ್ವಾನಿತರಾಗಿ ಬಂದಿದ್ದ ಒಕ್ಕೂಟದ ಅಧ್ಯಕ್ಷರು ಎದ್ದು ನಿಂತು ಬಾಟ್ಲಿಯನ್ನು ಕೇಳಿದರು:

“ತಂಡದಲ್ಲಿ ನಿನ್ನ ಕೆಲಸ ಏನಪ್ಪ?”

“ನಾಯಕರ ನೀರು ಹೊರೋದು ಸಾರ್.”

“ಮತ್ತೆ?”

“ಮಳೆ ಅಂಗಿ. ತಿಂಡಿ. ಚಕ್ರ ಕೊಡೋದು.”

“ಹಾಗೂ ಇತರೆ,” ಎಂದರು ಅಧ್ಯಕ್ಷರು ಪೀಠದತ್ತ ತಿರುಗಿ. “ನಾಯಕನಿಗೆ ಭಾರ ಎನಿಸುವ ನೀರು, ಉಡುಪು, ಆಹಾರ ಹಾಗೂ ಇತರೆಯನ್ನು ಸಹಾಯಕ ಸವಾರನು ಹೊರತಕ್ಕದ್ದು. ಇದು ನಮ್ಮ ಒಕ್ಕೂಟದ ಮೂಲ ನಿಯಮ. ಈ ನಾಲ್ಕು ವರ್ಷ ನಮ್ಮ ಹೆಮ್ಮೆಯವರಿಗೆ ಭಾರ ಎನಿಸುತ್ತಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ನಾನು ಒಪ್ಪುತ್ತೇನೆ. ಆದರೆ ಸೈಕಲ್ ಕ್ರೀಡೆಯಲ್ಲಿ ಆ ನೀರನ್ನು ಹೊತ್ತು ತರುವವನು ಬೇರೆ ಇರುತ್ತಾನೆ.”

ನಿವೃತ್ತ ನ್ಯಾಯಾಧೀಶರು ತಮ್ಮ ಸೇವಾವಧಿಯಲ್ಲಿ ಇಷ್ಟು ಸೊಗಸಾದ ವಾದವನ್ನು ಕೇಳಿಲ್ಲವೆಂದರು. ನಿಷೇಧವು ‘ಇತರೆ’ಯಲ್ಲಿ ಬರುತ್ತದೆಂದು ಸರ್ವಾನುಮತದಿಂದ ತೀರ್ಮಾನವಾಯಿತು.

ಬಾಟ್ಲಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದವಳು ಒಳಗೇ ಬಂದುಬಿಟ್ಟಳು. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ ಸಾರ್ ಇದು,” ಎಂದಳು.

“ಎತ್ತು, ಎಮ್ಮೆ ಎರಡೂ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲಮ್ಮ,” ಎಂದರು ಮಹಾನಿರ್ದೇಶಕರು.

ಬಾಟ್ಲಿಯ ನಾಲ್ಕು ವರ್ಷ ಎಂಟಾಯಿತು. ಜಾಗತಿಕ ಕೂಟದವರು ಮೊತ್ತ ನೋಡಿ ತೃಪ್ತಿ ವ್ಯಕ್ತಪಡಿಸಿದರು. ಯಾವ ವರ್ಷ ಯಾರ ಮೇಲೆ ಕೂತಿದೆಯೆಂದು ನೋಡುವುದು ವೈಯಕ್ತಿಕ ಗೋಪ್ಯತೆಯ ಉಲ್ಲಂಘನೆಯಾಗುತ್ತದಾದ್ದರಿಂದ ಅವರು ನೋಡಲಿಲ್ಲ. ಮಹಾಪಂದ್ಯ ನಮ್ಮಲ್ಲೇ ಉಳಿಯಿತು. ದಿಂಬುಗಳೂ ಖರ್ಚಾದವು.

ತಂಡದಿಂದ ಹೊರಬಿದ್ದ ಬಾಟ್ಲಿಯನ್ನು ಹೆಂಡತಿ ತನ್ನ ಅಂಗಡಿಯ ಯಜಮಾನರ ಕೈಕಾಲು ಹಿಡಿದು ಅಲ್ಲೇ ಸೇರಿಸಿದಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಗಾಜಿನ ಅಂಚು ಚಕ್ರಕ್ಕೆ ತಾಗಿ ಕಿರ್ ಎನ್ನುವಾಗ ಅವನ ಕಾಲು ತಾನಾಗಿಯೇ ಮೇಜಿನ ಕೆಳಗೆ ಪೆಡಲು ತುಳಿಯುತ್ತಿತ್ತು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವನು ಒಬ್ಬನೇ ಊರಾಚೆಯ ಗುಡ್ಡ ಹತ್ತಿ ಇಳಿದು ಬರುತ್ತಿದ್ದ. ಒಂಟಿಯಾಗಿ ಸೈಕಲ್ ತುಳಿಯುವುದನ್ನು ಯಾವ ನಿಯಮವೂ ತಡೆದಿರಲಿಲ್ಲ. ಅದು ಆಗ ಮಂಡಳಿಯ ಗಮನಕ್ಕೆ ಬಂದಿರಲಿಲ್ಲ.

ಒಂದು ದಿನ ಗುಡ್ಡದ ಅರ್ಧ ದಾರಿಯಲ್ಲಿ ಮುಂದೆ ಒಬ್ಬ ಸವಾರ ಕಂಡ. ಅವನ ಹಿಂದೆ ನಿಧಾನವಾಗಿ ಒಂದು ಕಾರು, ಕಾರಿನೊಳಗಿಂದ ಹೊರಕ್ಕೆ ಚಾಚಿದ ಕ್ಯಾಮರಾ. ಹಾಸಿಗೆ ಕಂಪನಿಯ ಜಾಹೀರಾತಿಗೆ ಹೆಮ್ಮೆಯವರು ಗುಡ್ಡ ಹತ್ತುತ್ತಿದ್ದರು. ಬಾಟ್ಲಿ ಸ್ವಲ್ಪ ಹೊತ್ತು ಹಿಂದೆಯೇ ಉಳಿದ. ಆಮೇಲೆ, ಏನನ್ನಿಸಿತೋ, ಸೀಟಿನಿಂದ ಎದ್ದು ತುಳಿಯತೊಡಗಿದ. ಕಾರನ್ನು ದಾಟಿದ. ಹೆಮ್ಮೆಯವರ ಪಕ್ಕಕ್ಕೆ ಬಂದ. ಅವನ ಮೈಯಲ್ಲಿ ಆಗ ಯಾವ ಮದ್ದೂ ಇರಲಿಲ್ಲ, ಹೆಂಡತಿ ಕೊಟ್ಟ ಎರಡು ಬಾಳೆಹಣ್ಣು ಬಿಟ್ಟರೆ. ಹೆಮ್ಮೆಯವರ ಬಾಯಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು. ಅವರು ತಿರುಗಿ ನೋಡಿ, ಅಭ್ಯಾಸಬಲದಿಂದ, “ಬಾಟ್ಲಿ, ನೀರು,” ಎಂದರು.

ಬಾಟ್ಲಿಯೂ ಅಭ್ಯಾಸಬಲದಿಂದ ಕೊಟ್ಟ.

ಹೆಮ್ಮೆಯವರು ಕುಡಿದು, “ಬೇಜಾರ್ ಮಾಡ್ಕೋಬೇಡ ಮಾರಾಯ. ನನ್ನ ಕೈಲಿ ಏನೂ ಇರಲಿಲ್ಲ,” ಎಂದರು.

“ಗೊತ್ತು ಬಿಡಿ,” ಎಂದ ಬಾಟ್ಲಿ. “ನಿಮ್ಮ ಕೈಲಿ ಯಾವತ್ತೂ ಏನೂ ಇರಲ್ಲ. ಎಲ್ಲಾ ನಾನೇ ಹೊತ್ಕೊಂಡಿರ್ತೀನಲ್ಲ.”

ಅಷ್ಟು ಹೇಳಿ ಮುಂದಕ್ಕೆ ಹೋದ. ಪಕ್ಕಕ್ಕೆ ಸರಿಯಲಿಲ್ಲ. ಶಿಖರದಲ್ಲಿ ಸೈಕಲ್ ನಿಲ್ಲಿಸಿ, ಕಲ್ಲಿನ ಮೇಲೆ ಕೂತು, ಕೆಳಗಿನ ತಿರುವಿನಲ್ಲಿ ಹೆಮ್ಮೆಯವರು ಇನ್ನೂ ಏದುಸಿರು ಬಿಡುತ್ತ ಬರುವುದನ್ನು ನೋಡಿದ. ಅಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇರಲಿಲ್ಲ. ಅಂದು ಅಂಗಡಿಗೆ ತಡವಾಗಿ ಬಂದ ಗಂಡನ ಮುಖ ನೋಡಿ ಹೆಂಡತಿ, “ಏನ್ರೀ, ಹೀಗೆ ನಗ್ತಿದೀರಿ?” ಎಂದಳು. ಅವನು ಹೇಳಿದ. ಅವಳು ಗಿರಾಕಿಯನ್ನು ಬಿಟ್ಟು ಒಳಗೆ ಹೋಗಿ ಅವನ ತಲೆಗೂದಲು ಕೆದರಿ ಬಂದಳು.

ಆದರೆ ಎಲ್ಲವೂ ಕ್ಯಾಮರಾದಲ್ಲಿ ಸೆರೆಯಾಗಿತ್ತು. ಜಾಹೀರಾತು ಹಾಳಾದ ಬಗ್ಗೆ ಹಾಸಿಗೆ ಕಂಪನಿ ದೂರು ಕೊಟ್ಟಿತು. ಮಂಡಳಿ ಆ ದೃಶ್ಯವನ್ನು ಹಲವು ಸಲ ವೀಕ್ಷಿಸಿ, ನಿಷೇಧದ ಅವಧಿಯಲ್ಲಿ ಕ್ರೀಡಾಪಟುವಿಗೆ ನೀರು ಕೊಟ್ಟು ನೆರವಾದದ್ದಕ್ಕೆ ಒಂದು ವರ್ಷ, ನಿಷೇಧಿತನಾಗಿದ್ದೂ ವೇಗವಾಗಿ ಹೋದದ್ದಕ್ಕೆ ಒಂದು ವರ್ಷ ಸೇರಿಸಿತು. ಬಾಟ್ಲಿಯ ಮೂತ್ರವನ್ನು ಮತ್ತೆ ಪರೀಕ್ಷಿಸಿದಾಗ ಏನೂ ಸಿಗಲಿಲ್ಲ. ಇದು ಅನುಮಾನಕ್ಕೆ ಎಡೆಮಾಡಿತು. ಏನೂ ಇಲ್ಲದೆ ಹೆಮ್ಮೆಯವರನ್ನು ಹಿಂದೆ ಹಾಕುವುದು ಸಾಧ್ಯವಿಲ್ಲವಾದ್ದರಿಂದ, ಪತ್ತೆಯಾಗದ ಮದ್ದನ್ನು ಬಳಸಿದ್ದಕ್ಕೆ ಇನ್ನೂ ಎರಡು ವರ್ಷ ಬಿತ್ತು. ವಿಷಯ ಪತ್ರಿಕೆಯಲ್ಲಿ ಬಂದಾಗ ಕನ್ನಡಕದ ಅಂಗಡಿಯ ಯಜಮಾನರು, ಮದ್ದು ಹಾಕುವವನ ಕೈಯಿಂದ ಉಜ್ಜಿದ ಗಾಜೆಂದರೆ ಜನ ಕಣ್ಣಿಗೆ ಹಾಕಿಕೊಳ್ಳಲು ಹೆದರುತ್ತಾರೆಂದು ಹೇಳಿ ಅವನನ್ನು ಬಿಡಿಸಿದರು.

ಈ ನಡುವೆ ಬಾಟ್ಲಿಯ ಖ್ಯಾತಿ ಇತರ ಒಕ್ಕೂಟಗಳಿಗೂ ಹಬ್ಬಿತು. ಭಾರ ಎತ್ತುವವರ ಒಕ್ಕೂಟದ ಕಾರ್ಯದರ್ಶಿ ಒಂದು ದಿನ ಮಂಡಳಿಗೆ ಬಂದು, ತಮ್ಮ ಪದಕ ವಿಜೇತೆಯದೊಂದು ಎರಡು ವರ್ಷ ಇದೆ, ಬಾಟ್ಲಿಯಲ್ಲಿ ಜಾಗ ಇದೆಯೇ ಎಂದು ವಿಚಾರಿಸಿದರು. ಈಜುಗಾರರ ಒಕ್ಕೂಟದವರದು ಒಟ್ಟು ಆರು ವರ್ಷ ಇತ್ತು. ದೇಶದ ಇಷ್ಟೊಂದು ಪ್ರತಿಭೆಗಳು ಸಣ್ಣಪುಟ್ಟ ನಿಷೇಧಗಳಿಂದ ಮೂಲೆಗುಂಪಾಗುವುದನ್ನು ತಪ್ಪಿಸಲು ಮಂಡಳಿಯು ‘ಕಾಯಂ ನಿಷೇಧಿತ’ ಎಂಬ ಹುದ್ದೆಯನ್ನು ಸೃಷ್ಟಿಸಿತು. ಸಂಬಳ, ರಜೆ, ಪಿಂಚಣಿ, ಪ್ರತ್ಯೇಕ ಕೋಣೆ. ಅಭ್ಯರ್ಥಿಯು ಈಗಾಗಲೇ ಕನಿಷ್ಠ ಹತ್ತು ವರ್ಷದ ನಿಷೇಧ ಪಡೆದಿರಬೇಕು, ಸೈಕಲ್ ಸವಾರನಾಗಿರಬೇಕು, ವಿವಾಹಿತನಾಗಿರಬೇಕು ಎಂಬ ಅರ್ಹತೆಗಳನ್ನು ನಿಗದಿಪಡಿಸಿ ಮುಕ್ತ ಸ್ಪರ್ಧೆ ಏರ್ಪಡಿಸಲಾಯಿತು.

ಮಹಾನಿರ್ದೇಶಕರು ತಾವೇ ಬಾಟ್ಲಿಯ ಮನೆಗೆ ಬಂದು ಕೂತರು.

“ಒಂದೇ ಷರತ್ತು,” ಎಂದರು. “ಗುಡ್ಡ ಹತ್ತುವುದನ್ನು ಬಿಡಬೇಕು. ಕಾಯಂ ನಿಷೇಧಿತರು ಸೈಕಲ್ ಮೇಲೆ ಕಂಡರೆ ಹುದ್ದೆಯ ಘನತೆಗೆ ಕುಂದು.”

ಹೆಂಡತಿ ಸಿಡಿದಳು. “ಅಲ್ಲ ಸಾರ್, ಇವರ ಬೆನ್ನೇನು ಬಸ್‌ಸ್ಟಾಂಡ್ ಬೆಂಚಾ, ಬಂದೋರೆಲ್ಲ ಕೂತು ಹೋಗೋಕೆ?”

“ಬೆಂಚಿಗೆ ಪಿಂಚಣಿ ಇರುವುದಿಲ್ಲಮ್ಮ,” ಎಂದರು ಮಹಾನಿರ್ದೇಶಕರು. ಆಮೇಲೆ ಕಾಫಿ ಕುಡಿದು, ಯೋಚಿಸಿ ಹೇಳಿ ಎಂದು ಹೋದರು.

ಅವರು ಹೋದ ಮೇಲೆ ಗಂಡ ಹೆಂಡತಿ ಗೋಡೆಗೆ ಒರಗಿಸಿದ್ದ ಸೈಕಲ್ ಎದುರಿಗೆ ಕೂತರು.

“ಬಿಡ್ತೀರಾ?” ಹೆಂಡತಿ ಕೇಳಿದಳು.

“ನೀನೇನಂತಿ?”

“ನಾನೇನನ್ಲಿ? ಬೇಡ ಅಂದ್ರೆ ಮನೆ ಹೇಗೆ ನಡೆಸೋದು? ಹೂಂ ಅಂದ್ರೆ ನಿಮ್ಮ ಮುಖ ಹೇಗೆ ನೋಡೋದು?”

ಬಾಟ್ಲಿ ಕೈ ಚಾಚಿ ಪೆಡಲನ್ನು ಒಂದು ಸಲ ತಿರುಗಿಸಿದ. ಚಕ್ರ ಸುತ್ತಿ ಸುತ್ತಿ ತಾನಾಗಿಯೇ ನಿಂತಿತು. “ಅವತ್ತು ಮೇಲೆ ಕೂತ್ಕೊಂಡು ನೋಡಿದ್ನಲ್ಲ, ಅಷ್ಟು ಸಾಕು ಅನ್ಕೊಂಡ್ರಾಯ್ತು,” ಎಂದ. ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು.

ಬಾಟ್ಲಿ ಹುದ್ದೆಗೆ ಸೇರಿದ. ಮೊದಲು ಕೆಲವು ದಿನ ಮಂಕಾಗಿದ್ದ. ಆಮೇಲೆ, ಯಾವ ಕೆಲಸವನ್ನೂ ಅರೆಬರೆ ಮಾಡಿ ಗೊತ್ತಿಲ್ಲದ ಮನುಷ್ಯನಾದ್ದರಿಂದ, ಇದನ್ನೂ ಶ್ರದ್ಧೆಯಿಂದ ಮಾಡತೊಡಗಿದ. ಆರಂಭದಲ್ಲಿ ಒಕ್ಕೂಟಗಳವರು ಮನಸ್ಸಿಗೆ ಬಂದಾಗ ಬಂದು ವರ್ಷಗಳನ್ನು ಬಿಸಾಕಿ ಹೋಗುತ್ತಿದ್ದರು. ಅವನು ಅದಕ್ಕೊಂದು ಶಿಸ್ತು ತಂದ. ತಿಂಗಳಿಗಿಂತ ಕಡಿಮೆಯ ನಿಷೇಧಗಳನ್ನು ಬಿಡಿಯಾಗಿ ತರಬಾರದು, ಕಟ್ಟಾಗಿ ತರಬೇಕು. ಊಟದ ಹೊತ್ತಿನಲ್ಲಿ ಆಜೀವ ನಿಷೇಧ ಸ್ವೀಕರಿಸುವುದಿಲ್ಲ. ಒಮ್ಮೆ ಕೊಟ್ಟ ವರ್ಷಗಳನ್ನು ವಾಪಸು ಕೇಳುವಂತಿಲ್ಲ. ಇವನ್ನೆಲ್ಲ ಅವನೇ ಬರೆದ. ಮಹಾನಿರ್ದೇಶಕರು ಬರೀ ಸಹಿ ಹಾಕಿದರು.

ಜಾಗತಿಕ ಕೂಟದ ತಪಾಸಕರು ಬಂದಾಗ ಅವರನ್ನು ನೇರವಾಗಿ ಬಾಟ್ಲಿಯ ಕೋಣೆಗೇ ಕರೆತರಲಾಯಿತು, ಮುಚ್ಚಿಡುವುದೇನೂ ಇರಲಿಲ್ಲವಾದ್ದರಿಂದ. ತಪಾಸಕರು ಬಹಳ ನಿಷ್ಠುರ ಮನುಷ್ಯ ಎಂದು ಹೆಸರಾದವರು. ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

“ನಿಜ ಹೇಳಿ,” ಎಂದರು. “ಈ ವರ್ಷಗಳೆಲ್ಲ ನಿಮ್ಮವೇ?”

“ನನ್ನವು ನಾಲ್ಕು, ಆ ಗುಡ್ಡ ಹತ್ತಿದ್ದು ಸೇರಿ ಎಂಟು ಸಾರ್. ಉಳಿದದ್ದೆಲ್ಲ ಬೇರೆಯವರದು,” ಎಂದ ಬಾಟ್ಲಿ. ಅವನು ಕೇಳಿದವರಿಗೆಲ್ಲ ನಿಜವನ್ನೇ ಹೇಳುತ್ತಿದ್ದ.

ತಪಾಸಕರು ಎದ್ದು ಕಿಟಕಿಯವರೆಗೆ ಹೋಗಿ, ಕೆಳಗೆ ಹಾಸಿಗೆ ಇಳಿಸುತ್ತಿದ್ದ ಲಾರಿಯನ್ನು ನೋಡಿ, ತಿರುಗಿ ಬಂದು ಕೂತರು. ಆಮೇಲೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, “ಹೊರದೇಶದ್ದು ತಗೋತೀರಾ?” ಎಂದು ಕೇಳಿದರು.

ಈಗ ಮಂಡಳಿಗೆ ಹೊರದೇಶದಿಂದಲೂ ವರ್ಷಗಳು ಬರುತ್ತಿವೆ. ಮದ್ದು ನಿಗ್ರಹದಲ್ಲಿ ಬಿಗಿಯಾಗಿರುವ ದೇಶಗಳ ಪಟ್ಟಿಯಲ್ಲಿ ನಮ್ಮ ದೇಶ ಎಲ್ಲರಿಗಿಂತ ಮೇಲಿದೆ. ಬಾಟ್ಲಿಯ ನಿಷೇಧ ಮುಗಿಯುವಷ್ಟರಲ್ಲಿ ಅವನ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಮುಪ್ಪು ಬಂದಿರುತ್ತದೆ. ಹೆಂಡತಿ ಕನ್ನಡಕದ ಅಂಗಡಿ ಬಿಟ್ಟಿದ್ದಾಳೆ. ಮನೆಯವರು ಏನು ಕೆಲಸದಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ, “ನಿಷೇಧದಲ್ಲಿದಾರೆ. ಕಾಯಂ ಆಗಿದೆ,” ಎನ್ನುತ್ತಾಳೆ. ಕೇಳಿದವರು ತಮ್ಮ ಮಗನಿಗೂ ಅಂಥದ್ದೇನಾದರೂ ನೋಡಿ ಎನ್ನುತ್ತಾರೆ.

ಹೆಮ್ಮೆಯವರು ನಿವೃತ್ತರಾಗಿ ಮಂಡಳಿಯ ಪ್ರಾಮಾಣಿಕತೆಯ ರಾಯಭಾರಿಯಾದರು. ಮೊನ್ನೆ ನಡೆದ ಶುದ್ಧ ಕ್ರೀಡಾ ಸಮಾರಂಭದಲ್ಲಿ ಬಾಟ್ಲಿಗೆ ಮಂಡಳಿಯ ಅತ್ಯುನ್ನತ ಪ್ರಶಸ್ತಿಯನ್ನು ಅವರ ಕೈಯಿಂದಲೇ ಕೊಡಿಸಲಾಯಿತು. ನಿಷೇಧಿತರು ಕ್ರೀಡಾಂಗಣದೊಳಗೆ ಕಾಲಿಡುವಂತಿಲ್ಲವಾದ್ದರಿಂದ ಹೆಂಡತಿ ವೇದಿಕೆ ಹತ್ತಿ ಫಲಕ ತೆಗೆದುಕೊಂಡಳು. ಹೆಮ್ಮೆಯವರು ಅವಳಿಗೆ ಕೈ ಮುಗಿದರು. ಅವಳೂ ನಗುತ್ತ ಕೈ ಮುಗಿದಳು. ಜನ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಬಾಟ್ಲಿ ಗೇಟಿನ ಹೊರಗೆ, ಕಟ್ಟಿದ್ದ ಹಗ್ಗದಾಚೆ ನಿಂತು ನೋಡುತ್ತಿದ್ದ. ಹೊಸದಾಗಿ ಸೇರಿದ ಕಾವಲುಗಾರ ಹತ್ತಿರ ಬಂದು, “ಯಜಮಾನ್ರೇ, ನಿಷೇಧಿತರು ಹಗ್ಗ ಮುಟ್ಟೋ ಹಾಗಿಲ್ಲ. ನಿಯಮ ಇದೆ,” ಎಂದ.

“ಗೊತ್ತಪ್ಪ. ಬರೆದವನು ನಾನೇ,” ಎಂದ ಬಾಟ್ಲಿ. ಆಮೇಲೆ ಹಗ್ಗವನ್ನು ಕಣ್ಣಲ್ಲೇ ಅಳೆದು, “ನೀನೇ ಇದನ್ನ ತಪ್ಪು ಕಟ್ಟಿದೀಯ. ಇನ್ನೂ ಒಂದು ಮಾರು ಹಿಂದಿರಬೇಕು,” ಎಂದು ಹೇಳಿ, ಕಾವಲುಗಾರ ಅದನ್ನು ಬಿಚ್ಚಿ ಮತ್ತೆ ಕಟ್ಟುವವರೆಗೆ ಪಕ್ಕದಲ್ಲೇ ನಿಂತು, ಗಂಟು ಸರಿಯಾಗಿ ಬಿದ್ದಿದೆಯೇ ಎಂದು ನೋಡಿದ.